ಟ್ಯಾಗ್ ಓದಲಿಲ್ಲ ಎಂದರೆ ಬರಲಿಲ್ಲ ಎಂದಲ್ಲ: ಆರ್‌ಎಫ್‌ಐಡಿ ಇಂಟರ್ನ್‌ಶಿಪ್‌ಗೆ ಹೋಗುವ ಮೊದಲು ತಿಳಿಯಬೇಕಾದದ್ದು

ಹರಿಹರ ತಾಲ್ಲೂಕಿನ ಕೊಕ್ಕನೂರಿನ ಒಂದು ಮನೆ ಎಂದಿಟ್ಟುಕೊಳ್ಳೋಣ. ಮನೆಯಲ್ಲಿ ಒಂದೆರಡು ಹಸುಗಳಿವೆ. ಮಗಳು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಅಣ್ಣನ ಬಳಿ ಒಂದು ಕಾರಿದೆ. ಈ ಮನೆಯಲ್ಲಿ ಮೂರು ಬಗೆಯ ‘ಟ್ಯಾಗ್’ಗಳು ಇರುತ್ತವೆ. ಹಸುವಿನ ಕಿವಿಯಲ್ಲಿ ಹಳದಿ ಬಿಲ್ಲೆ, ಕಾಲೇಜಿನ ಗುರುತಿನ ಚೀಟಿಯೊಳಗೆ ಚಿಪ್, ಕಾರಿನ ಮುಂಗಾಜಿನ ಮೇಲೆ ಫಾಸ್ಟ್ಯಾಗ್. ಮೂರೂ ಒಂದೇ ತಂತ್ರಜ್ಞಾನ ಎಂದು ಬಹಳ ಜನ ತಿಳಿದಿದ್ದಾರೆ. ಮೂರರಿಂದಲೂ ‘ಎಲ್ಲಿದ್ದರೂ ಪತ್ತೆ ಹಚ್ಚಬಹುದು’ ಎಂದೂ ನಂಬಿದವರಿದ್ದಾರೆ. ಎರಡೂ ತಪ್ಪು.

ಇವುಗಳಲ್ಲಿ ಸಾಮಾನ್ಯವಾಗಿ ಆರ್‌ಎಫ್‌ಐಡಿ ಇರುವುದು ಎರಡರಲ್ಲಿ ಮಾತ್ರ. ಆ ಎರಡೂ ಬೇರೆ ಬೇರೆ ತರಂಗಗಳಲ್ಲಿ ಕೆಲಸ ಮಾಡುತ್ತವೆ. ಮೂರರಲ್ಲಿ ಯಾವುದಕ್ಕೂ ತಾನು ಎಲ್ಲಿದ್ದೇನೆ ಎಂಬುದು ಗೊತ್ತಿರುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಓದುವ ವಿದ್ಯಾರ್ಥಿಗಳು ಇಂಟರ್ನ್‌ಶಿಪ್‌ಗೆ, ಪ್ರಾಜೆಕ್ಟ್‌ಗೆ ಹೆಚ್ಚಾಗಿ ಆರಿಸಿಕೊಳ್ಳುವ ವಿಷಯಗಳಲ್ಲಿ ಆರ್‌ಎಫ್‌ಐಡಿಯೂ ಒಂದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಕೊನೆಯ ವರ್ಷದ ಇಂಟರ್ನ್‌ಶಿಪ್‌ಗೆ ಪ್ರತ್ಯೇಕ ಕ್ರೆಡಿಟ್‌ಗಳಿವೆ. ಹೀಗಾಗಿ ಅದು ಕಾಟಾಚಾರಕ್ಕೆ ಮುಗಿಸುವ ಕೆಲಸವಲ್ಲ. ಇಂಥ ಇಂಟರ್ನ್‌ಶಿಪ್‌ನಲ್ಲಿ ನಿಜಕ್ಕೂ ಕಲಿಯಬೇಕಾದದ್ದು ಏನು, ಅದು ಉಳಿದ ನಮಗೆಲ್ಲ ಏಕೆ ಮುಖ್ಯ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಆರ್‌ಎಫ್‌ಐಡಿ ಎಂದರೇನು?

ರೇಡಿಯೋ ಫ್ರೀಕ್ವೆನ್ಸಿ ಐಡೆಂಟಿಫಿಕೇಶನ್ ಎಂಬುದರ ಕಿರುರೂಪ ಆರ್‌ಎಫ್‌ಐಡಿ. ರೇಡಿಯೋ ತರಂಗಗಳ ಮೂಲಕ ಒಂದು ವಸ್ತುವಿನ ಗುರುತನ್ನು ಓದುವ ವಿಧಾನ ಇದು. ಇದರಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಟ್ಯಾಗ್: ಸಾಸಿವೆ ಕಾಳಿಗಿಂತ ಚಿಕ್ಕ ಚಿಪ್ ಮತ್ತು ಅದಕ್ಕೆ ಅಂಟಿಕೊಂಡ ಲೋಹದ ಆಂಟೆನಾ. ಎರಡನೆಯದು ರೀಡರ್: ತರಂಗವನ್ನು ಕಳಿಸಿ ಉತ್ತರವನ್ನು ಕೇಳಿಸಿಕೊಳ್ಳುವ ಯಂತ್ರ. ಮೂರನೆಯದು ಕಂಪ್ಯೂಟರಿನಲ್ಲಿರುವ ದಾಖಲೆ ಪುಸ್ತಕ, ಅಂದರೆ ಡೇಟಾಬೇಸ್.

ನಾವು ದಿನನಿತ್ಯ ನೋಡುವ ಹೆಚ್ಚಿನ ಟ್ಯಾಗ್‌ಗಳಲ್ಲಿ ಬ್ಯಾಟರಿ ಇರುವುದಿಲ್ಲ. ಇವನ್ನು ‘ಪ್ಯಾಸಿವ್’ ಟ್ಯಾಗ್ ಎನ್ನುತ್ತಾರೆ. ರೀಡರ್ ಕಳಿಸಿದ ತರಂಗದ ಶಕ್ತಿಯಲ್ಲೇ ಚಿಪ್ ಎಚ್ಚರಗೊಳ್ಳುತ್ತದೆ, ಆ ತರಂಗವನ್ನೇ ಬಳಸಿ ತನ್ನ ಸಂಖ್ಯೆಯನ್ನು ಹೇಳುತ್ತದೆ, ಮತ್ತೆ ನಿದ್ದೆಗೆ ಜಾರುತ್ತದೆ. ಬಿಸಿಲಿನಲ್ಲಿ ಕನ್ನಡಿ ಹಿಡಿದು ದೂರದ ಗೋಡೆಯ ಮೇಲೆ ಬೆಳಕು ಮಿಣುಕಿಸುವ ಮಕ್ಕಳಾಟ ನೆನಪಿಸಿಕೊಳ್ಳಿ. ಕನ್ನಡಿಗೆ ಸ್ವಂತ ಬೆಳಕಿಲ್ಲ, ಇನ್ನೊಬ್ಬರ ಬೆಳಕನ್ನು ತಿರುಗಿಸಿ ಸಂಜ್ಞೆ ಮಾಡುತ್ತದೆ. ದೂರದಿಂದ ಓದುವ ಟ್ಯಾಗ್ ಮಾಡುವುದೂ ಅದನ್ನೇ.

ಈ ಯೋಚನೆ ಹಳೆಯದು. ಪ್ರತಿಫಲಿಸಿದ ಶಕ್ತಿಯಿಂದಲೇ ಸಂವಹನ ನಡೆಸುವ ಬಗ್ಗೆ ಹ್ಯಾರಿ ಸ್ಟಾಕ್‌ಮನ್ 1948ರಲ್ಲೇ ಪ್ರಬಂಧ ಬರೆದಿದ್ದರು. ಅದಕ್ಕೂ ಮೊದಲು, 1945ರಲ್ಲಿ, ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿಗೆ ಸೋವಿಯತ್ ಮಕ್ಕಳು ಮರದ ಲಾಂಛನವೊಂದನ್ನು ಉಡುಗೊರೆ ಕೊಟ್ಟರು. ಅದರೊಳಗೆ ಲಿಯಾನ್ ಥೆರೆಮಿನ್ ರೂಪಿಸಿದ, ಬ್ಯಾಟರಿಯೇ ಇಲ್ಲದ ಕದ್ದಾಲಿಕೆ ಸಾಧನವಿತ್ತು. ಹೊರಗಿನಿಂದ ರೇಡಿಯೋ ತರಂಗ ಹಾಯಿಸಿದಾಗ ಮಾತ್ರ ಅದು ಕೆಲಸ ಮಾಡುತ್ತಿತ್ತು. ಅದು ಪತ್ತೆಯಾಗಲು 1952ರವರೆಗೆ ಕಾಯಬೇಕಾಯಿತು. ಇಂದಿನ ಟ್ಯಾಗ್‌ಗಳಿಗೆ ಅದು ದೂರದ ಪೂರ್ವಜ ಎನ್ನಬಹುದು.

ಎಲ್ಲ ಟ್ಯಾಗ್‌ಗಳೂ ಒಂದೇ ಅಲ್ಲ

ಇಂಟರ್ನ್‌ಶಿಪ್‌ಗೆ ಸೇರಿದ ಮೊದಲ ವಾರದಲ್ಲೇ ಕಲಿಯಬೇಕಾದ ಪಾಠ ಇದು. ಆರ್‌ಎಫ್‌ಐಡಿಯಲ್ಲಿ ಮುಖ್ಯವಾಗಿ ಮೂರು ಪಂಗಡಗಳಿವೆ.

ಕೆಳ ಆವರ್ತನ: 125 ಅಥವಾ 134.2 ಕಿಲೋಹರ್ಟ್ಸ್. ಕೆಲವು ಸೆಂಟಿಮೀಟರ್ ದೂರದಲ್ಲಿ ಓದುತ್ತದೆ. ನೀರು, ಮಾಂಸಖಂಡ ಇದ್ದರೂ ಅಷ್ಟಾಗಿ ಅಡ್ಡಿಯಾಗದು. ಸಾಕುನಾಯಿಗಳ ಚರ್ಮದಡಿ ಇಡುವ ಅಕ್ಕಿಕಾಳಿನಂಥ ಚಿಪ್ ಈ ಪಂಗಡದ್ದು. ಅದರಲ್ಲಿರುವುದು 15 ಅಂಕಿಗಳ ಸಂಖ್ಯೆ. ನಾಯಿ ಕಳೆದುಹೋದರೆ ಚಿಪ್ ಅದನ್ನು ಹುಡುಕಿಕೊಡುವುದಿಲ್ಲ. ಸಿಕ್ಕ ನಾಯಿ ಯಾರದು ಎಂದು ಹೇಳಲು ನೆರವಾಗುತ್ತದೆ, ಅಷ್ಟೇ.

ಮಧ್ಯದ ಆವರ್ತನ: 13.56 ಮೆಗಾಹರ್ಟ್ಸ್. ನಮ್ಮ ಮೆಟ್ರೋದ ಸ್ಮಾರ್ಟ್ ಕಾರ್ಡ್ ಮತ್ತು ಟೋಕನ್, ಮೊಬೈಲಿನ ಎನ್‌ಎಫ್‌ಸಿ, ತಟ್ಟಿ ಪಾವತಿಸುವ ಬ್ಯಾಂಕ್ ಕಾರ್ಡ್, ಹಲವು ಗ್ರಂಥಾಲಯಗಳ ಪುಸ್ತಕದ ಟ್ಯಾಗ್ ಇದರಲ್ಲಿ ಬರುತ್ತವೆ. ಇವುಗಳ ಪೈಕಿ ಬ್ಯಾಂಕ್ ಕಾರ್ಡ್ ಸ್ವಲ್ಪ ಬುದ್ಧಿವಂತ. ಅದು ಬರಿಯ ಸಂಖ್ಯೆ ಹೇಳದೆ ಪ್ರತಿ ವ್ಯವಹಾರಕ್ಕೂ ಹೊಸ ಗುಪ್ತಲಿಪಿಯನ್ನು ಲೆಕ್ಕಹಾಕಿ ಕೊಡುತ್ತದೆ.

ಮೇಲಿನ ಆವರ್ತನ: ಭಾರತದಲ್ಲಿ 865 ಮೆಗಾಹರ್ಟ್ಸ್‌ನಿಂದ ಮೇಲೆ. 865ರಿಂದ 867 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಕೇಂದ್ರ ಸರ್ಕಾರ 2005ರಲ್ಲಿ ಇದಕ್ಕಾಗಿ ಪರವಾನಗಿಯಿಂದ ಮುಕ್ತಗೊಳಿಸಿತು. ರೀಡರ್‌ನ ಪ್ರೇಷಕ ಶಕ್ತಿಗೆ 1 ವ್ಯಾಟ್, ಆಂಟೆನಾ ಒಂದು ದಿಕ್ಕಿಗೆ ಕೇಂದ್ರೀಕರಿಸಿದ ನಂತರದ ಶಕ್ತಿಗೆ 4 ವ್ಯಾಟ್ ಎಂಬ ಮಿತಿ ಹಾಕಿತು. ಫಾಸ್ಟ್ಯಾಗ್ ಈ ಪಂಗಡಕ್ಕೆ ಸೇರಿದ್ದು. ಗೋದಾಮು, ಬಟ್ಟೆ ಅಂಗಡಿಗಳ ಟ್ಯಾಗ್‌ಗಳೂ ಇದೇ ಬಗೆಯವು. ಹಲವು ಮೀಟರ್ ದೂರದಿಂದ, ಒಂದೇ ಸೆಕೆಂಡಿನಲ್ಲಿ ಹತ್ತಾರು ಟ್ಯಾಗ್‌ಗಳನ್ನು ಓದಬಲ್ಲದು.

ಇನ್ನು ಹಸುವಿನ ಕಿವಿಯ ಹಳದಿ ಬಿಲ್ಲೆ? ‘ಪಶು ಆಧಾರ್’ ಎಂದು ಜನ ಕರೆಯುವ ಈ 12 ಅಂಕಿಗಳ ಬಿಲ್ಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್‌ನದು. ಅದರ ಮೇಲೆ ಸಂಖ್ಯೆಯೂ ಬಾರ್‌ಕೋಡೂ ಅಚ್ಚಾಗಿರುತ್ತವೆ. ಸಾಮಾನ್ಯವಾಗಿ ಅದರೊಳಗೆ ಚಿಪ್ ಇಲ್ಲ, ಆಂಟೆನಾ ಇಲ್ಲ. ಪಶುವೈದ್ಯ ಸಿಬ್ಬಂದಿ ಆ ಸಂಖ್ಯೆಯನ್ನು ನೋಡಿ ಓದಿ, ಲಸಿಕೆ, ಗರ್ಭಧಾರಣೆ, ಮಾಲೀಕರ ವಿವರಗಳನ್ನು ಭಾರತ್ ಪಶುಧನ್ ದತ್ತಾಂಶದಲ್ಲಿ ದಾಖಲಿಸುತ್ತಾರೆ. ಮೇಯಲು ಹೋದ ಹಸು ಸಂಜೆ ಮರಳದಿದ್ದರೆ ಈ ಬಿಲ್ಲೆಯಿಂದ ಅದರ ಜಾಡು ಸಿಗದು.

ಎರಡು ಸಾವಿರದ ನೋಟು ಮತ್ತು ಉಪಗ್ರಹ

ಆರ್‌ಎಫ್‌ಐಡಿ ಕಲಿತ ವಿದ್ಯಾರ್ಥಿ ಸುಲಭವಾಗಿ ಮುರಿಯಬಹುದಾದ ಸುಳ್ಳೊಂದು ನಮ್ಮೆಲ್ಲರಿಗೂ ಗೊತ್ತಿರುವಂಥದ್ದೇ. 2016ರ ನವೆಂಬರ್‌ನಲ್ಲಿ ನೋಟು ರದ್ದತಿಯ ಜೊತೆಗೆ ಬಂದ 2000 ರೂಪಾಯಿ ನೋಟಿನಲ್ಲಿ ‘ನ್ಯಾನೋ ಜಿಪಿಎಸ್ ಚಿಪ್’ ಇದೆ, ಅದಕ್ಕೆ ಬ್ಯಾಟರಿ ಬೇಡ, ಉಪಗ್ರಹದ ಸಂಕೇತವನ್ನು ಪ್ರತಿಫಲಿಸಿ ನೋಟಿನ ಜಾಗ ತಿಳಿಸುತ್ತದೆ, 120 ಮೀಟರ್ ಆಳದಲ್ಲಿ ಹೂತಿಟ್ಟರೂ ಸಿಕ್ಕಿಬೀಳುತ್ತದೆ ಎಂಬ ಸಂದೇಶ ಮನೆಮನೆ ತಲುಪಿತು. ಆ ನೋಟು ನಮ್ಮ ಮೈಸೂರಿನ ಮುದ್ರಣಾಲಯದಲ್ಲೂ ಮುದ್ರಣವಾಗಿತ್ತು. ರಿಸರ್ವ್ ಬ್ಯಾಂಕ್ ಅಂಥ ಚಿಪ್ ಇಲ್ಲವೆಂದು ಹೇಳಿದರೂ ಸುದ್ದಿ ನಿಲ್ಲಲಿಲ್ಲ.

ಈ ಸುಳ್ಳು ನಂಬುವಂತೆ ಕಂಡದ್ದೇಕೆ? ಅದರಲ್ಲಿ ಅರ್ಧ ಸತ್ಯವಿತ್ತು. ಬ್ಯಾಟರಿ ಇಲ್ಲದೆ ತರಂಗವನ್ನು ಪ್ರತಿಫಲಿಸಿ ಗುರುತು ಹೇಳುವ ಚಿಪ್ ನಿಜಕ್ಕೂ ಇದೆ. ಆದರೆ ದೂರದ ಲೆಕ್ಕ ಹಾಕಿದರೆ ಕಥೆ ಕುಸಿಯುತ್ತದೆ. 4 ವ್ಯಾಟ್ ಮಿತಿಯ ರೀಡರ್ ಮುಂದೆ 5 ಮೀಟರ್ ದೂರದಲ್ಲಿರುವ ಒಳ್ಳೆಯ ಟ್ಯಾಗ್‌ಗೆ ಸಿಗುವ ಶಕ್ತಿ ಸುಮಾರು 0.2 ಮಿಲಿವ್ಯಾಟ್. ಅಂದರೆ 20,000ದಲ್ಲಿ ಒಂದು ಪಾಲು. ದೂರ ಎರಡು ಪಟ್ಟಾದರೆ ಟ್ಯಾಗ್‌ಗೆ ಸಿಗುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಮರಳಿ ಬರುವ ಉತ್ತರವೂ ಅದೇ ದಾರಿಯಲ್ಲಿ ಸೊರಗುವುದರಿಂದ ರೀಡರ್‌ಗೆ ಸಿಗುವುದು ಹದಿನಾರರಲ್ಲಿ ಒಂದು ಪಾಲು. ಜಿಪಿಎಸ್ ಉಪಗ್ರಹಗಳು ಇರುವುದು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ. ಅವು ಸಮಯದ ಸಂಕೇತವನ್ನು ಬಿತ್ತರಿಸುತ್ತವೆಯೇ ಹೊರತು ನೆಲದಿಂದ ಯಾರ ಉತ್ತರವನ್ನೂ ಕಾಯುವುದಿಲ್ಲ. ಇನ್ನು 120 ಮೀಟರ್ ಮಣ್ಣು, ಬಂಡೆಯನ್ನು ದಾಟಿ ಹೋಗುವ ಮಾತು ದೂರವೇ ಉಳಿಯಿತು.

ಇದೇ ಲೆಕ್ಕ ಇನ್ನೊಂದು ಭಯಕ್ಕೂ ಉತ್ತರ. ‘ಟೋಲ್‌ನಲ್ಲಿ, ಕಾಲೇಜು ಗೇಟಿನಲ್ಲಿ ರೇಡಿಯೋ ವಿಕಿರಣ ಮೈಮೇಲೆ ಬೀಳುತ್ತದಲ್ಲ, ಅಪಾಯವಿಲ್ಲವೇ?’ ಎಂದು ಕೇಳುವವರಿದ್ದಾರೆ. 5 ಮೀಟರ್ ದೂರದಲ್ಲಿ ಚದರ ಮೀಟರ್‌ಗೆ ಬೀಳುವ ಶಕ್ತಿ ಸುಮಾರು 0.013 ವ್ಯಾಟ್. ಇದೇ ಆವರ್ತನದಲ್ಲಿ ಮೊಬೈಲ್ ಗೋಪುರಗಳಿಗೆ ಭಾರತ 2012ರಿಂದ ಜಾರಿ ಮಾಡಿರುವ ಮಿತಿ ಸುಮಾರು 0.43 ವ್ಯಾಟ್. ಆ ಮಿತಿಯೇ ಅಂತರರಾಷ್ಟ್ರೀಯ ಮಾರ್ಗಸೂಚಿಯ ಹತ್ತನೇ ಒಂದು ಭಾಗ. ಅದರ ಮೂವತ್ತನೇ ಒಂದು ಪಾಲಿನಷ್ಟು ಶಕ್ತಿ, ಅದೂ ಕೆಲವು ಸೆಕೆಂಡುಗಳ ಕಾಲ. ಟ್ಯಾಗ್ ಅಂತೂ ರೀಡರ್ ಹತ್ತಿರವಿಲ್ಲದಾಗ ಏನನ್ನೂ ಹೊರಸೂಸುವುದಿಲ್ಲ. ಗುರುತಿನ ಚೀಟಿಯನ್ನು ಎದೆಯ ಮೇಲೆ ತೂಗುಹಾಕಿಕೊಂಡರೆ ಹೃದಯಕ್ಕೆ ತೊಂದರೆ ಎಂಬ ಮಾತಿಗೆ ಆಧಾರವಿಲ್ಲ.

ಗಾಜು ಒರೆಸುವ ಹುಡುಗನ ಕೈಗಡಿಯಾರ

2022ರ ಜೂನ್‌ನಲ್ಲಿ ಹರಿದಾಡಿದ ವಿಡಿಯೋ ನೆನಪಿರಬಹುದು. ಕಾರಿನ ಗಾಜು ಒರೆಸುವ ನೆಪದಲ್ಲಿ ಹುಡುಗನೊಬ್ಬ ತನ್ನ ಸ್ಮಾರ್ಟ್ ವಾಚನ್ನು ಫಾಸ್ಟ್ಯಾಗ್ ಮೇಲೆ ಆಡಿಸಿ ಹಣ ಕದಿಯುತ್ತಾನೆ ಎಂದು ಅದರಲ್ಲಿ ತೋರಿಸಲಾಗಿತ್ತು. ಅದು ನಿಜವಲ್ಲವೆಂದು ರಾಷ್ಟ್ರೀಯ ಪಾವತಿ ನಿಗಮ ಸ್ಪಷ್ಟಪಡಿಸಿತು.

ಕಾರಣ ಸರಳ. ಫಾಸ್ಟ್ಯಾಗ್‌ನಲ್ಲಿ ಹಣ ಇರುವುದಿಲ್ಲ. ಅದರಲ್ಲಿ ಇರುವುದು ಗುರುತಿನ ವಿವರ ಮಾತ್ರ. ಹೆಬ್ಬಾಳು ಟೋಲ್‌ನಲ್ಲಾಗಲಿ, ರಾಣೆಬೆನ್ನೂರು ಬಳಿಯ ಚಳಗೇರಿ ಟೋಲ್‌ನಲ್ಲಾಗಲಿ ರೀಡರ್ ಆ ಸಂಖ್ಯೆಯನ್ನು ಓದಿದ ಮೇಲೆ, ಟೋಲ್‌ನ ಬ್ಯಾಂಕು ನಮ್ಮ ಬ್ಯಾಂಕಿನಿಂದ ಹಣ ಕೇಳುತ್ತದೆ. ಹಾಗೆ ಕೇಳುವ ಹಕ್ಕು ಮೊದಲೇ ನೋಂದಾಯಿತವಾದ ಟೋಲ್, ಪಾರ್ಕಿಂಗ್ ಮುಂತಾದ ವ್ಯಾಪಾರಿಗಳಿಗೆ ಮಾತ್ರ ಇದೆ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಹೋಗುವ ದಾರಿಯೇ ಅಲ್ಲಿಲ್ಲ. ಸಾಮಾನ್ಯ ಸ್ಮಾರ್ಟ್ ವಾಚಿನ ಎನ್‌ಎಫ್‌ಸಿ 13.56 ಮೆಗಾಹರ್ಟ್ಸ್‌ನದು, ಫಾಸ್ಟ್ಯಾಗ್ 865ರ ಆಸುಪಾಸಿನದು. ಒಂದು ಇನ್ನೊಂದರ ಮಾತನ್ನು ಕೇಳಿಸಿಕೊಳ್ಳಲಾರದು.

ಇಲ್ಲಿಂದ ಒಂದು ಮುಖ್ಯ ಸಂಗತಿ ತಿಳಿಯುತ್ತದೆ. ಸುರಕ್ಷತೆಯಿರುವುದು ಟ್ಯಾಗ್‌ನಲ್ಲಿ ಅಲ್ಲ, ಅದರ ಹಿಂದಿನ ವ್ಯವಸ್ಥೆಯಲ್ಲಿ. ತೊಂದರೆಗಳು ಹುಟ್ಟುವುದೂ ಅಲ್ಲಿಯೇ.

ಓದುವುದು ಟ್ಯಾಗ್ ಅನ್ನು, ಮನುಷ್ಯನನ್ನಲ್ಲ

ವಿದ್ಯಾರ್ಥಿಗಳ ಅಚ್ಚುಮೆಚ್ಚಿನ ಪ್ರಾಜೆಕ್ಟ್ ‘ಆರ್‌ಎಫ್‌ಐಡಿ ಹಾಜರಾತಿ ವ್ಯವಸ್ಥೆ’. ಒಂದು ಆರ್ಡುಯಿನೋ, ಅಗ್ಗದ ರೀಡರ್ ಮಾಡ್ಯೂಲ್, ನಾಲ್ಕೈದು ಕಾರ್ಡು ಇದ್ದರೆ ಸಾಕು. ಕಾರ್ಡು ತಟ್ಟಿದ ಕೂಡಲೇ ಪರದೆಯ ಮೇಲೆ ಹೆಸರು ಬರುತ್ತದೆ. ನೋಡಲು ಚೆನ್ನ. ಆದರೆ ಇದರಿಂದ ಸಾಬೀತಾದದ್ದು ಕಾರ್ಡು ಬಂದಿದೆ ಎಂಬುದು ಮಾತ್ರ. ಗೆಳೆಯನ ಜೇಬಿನಲ್ಲಿ ನಾಲ್ಕು ಕಾರ್ಡು ಇದ್ದರೆ ನಾಲ್ವರೂ ಹಾಜರು. ‘ಪ್ರಾಕ್ಸಿ’ ಕೂಗುವ ಹಳೆಯ ಚಾಳಿಗೆ ಹೊಸ ಯಂತ್ರ ಸಿಕ್ಕಿತು, ಅಷ್ಟೇ.

125 ಕಿಲೋಹರ್ಟ್ಸ್‌ನ ಸಾದಾ ಕಾರ್ಡುಗಳು ಯಾರು ಕೇಳಿದರೂ ತಮ್ಮ ಸಂಖ್ಯೆಯನ್ನು ಹೇಳಿಬಿಡುತ್ತವೆ. ಅವುಗಳ ನಕಲು ಮಾಡುವುದು ಕಷ್ಟವಲ್ಲ. 13.56 ಮೆಗಾಹರ್ಟ್ಸ್‌ನಲ್ಲೂ ಬಹಳ ಬಳಕೆಯಲ್ಲಿದ್ದ ಮೈಫೇರ್ ಕ್ಲಾಸಿಕ್ ಕಾರ್ಡಿನ ಗುಪ್ತಲಿಪಿಯ ದೌರ್ಬಲ್ಯವನ್ನು ಸಂಶೋಧಕರು 2007 ಮತ್ತು 2008ರಲ್ಲೇ ಬಯಲು ಮಾಡಿದರು. ಅದಕ್ಕಿಂತ ಗಟ್ಟಿಯಾದ ಕಾರ್ಡುಗಳು ಈಗ ಇವೆ. ಆದರೆ ಎಷ್ಟು ಗಟ್ಟಿಯಾದರೂ ಅದು ಕಾರ್ಡಿನ ಗುರುತು, ಹಿಡಿದವರ ಗುರುತಲ್ಲ.

ಹೆದ್ದಾರಿಯಲ್ಲೂ ಇದೇ ಸಮಸ್ಯೆ. ಗಾಜಿಗೆ ಅಂಟಿಸದೆ ಕೈಯಲ್ಲಿ ಹಿಡಿದು ತೋರಿಸುವ ಫಾಸ್ಟ್ಯಾಗ್‌ಗಳನ್ನು ಕಪ್ಪುಪಟ್ಟಿಗೆ ಸೇರಿಸುವ ನಿರ್ಧಾರವನ್ನು ಹೆದ್ದಾರಿ ಪ್ರಾಧಿಕಾರ 2025ರ ಜುಲೈನಲ್ಲಿ ಪ್ರಕಟಿಸಿತು. ಕೈಯಲ್ಲಿರುವ ಟ್ಯಾಗ್ ಯಾವ ವಾಹನಕ್ಕೂ ಸೇರಬಹುದು. ಕಾರಿನ ಟ್ಯಾಗ್ ತೋರಿಸಿ ಲಾರಿ ದಾಟಿಸಬಹುದು. ಟ್ಯಾಗ್ ಮತ್ತು ವಸ್ತುವಿನ ನಡುವಿನ ಅಂಟು ಕಳಚಿದರೆ ಇಡೀ ವ್ಯವಸ್ಥೆಯ ಅರ್ಥ ಕಳಚುತ್ತದೆ.

ಓದಲಿಲ್ಲ ಎಂದಾಗ ಯಾರು ಬೆಲೆ ತೆರುತ್ತಾರೆ?

ಇದರ ಇನ್ನೊಂದು ಮಗ್ಗುಲು ಹೆಚ್ಚು ನೋವಿನದು. ಟ್ಯಾಗ್ ಇದ್ದೂ ರೀಡರ್ ಓದದಿರುವ ಸಂದರ್ಭಗಳಿವೆ. ಇದು ಯಂತ್ರ ಕೆಟ್ಟಾಗ ಮಾತ್ರ ಆಗುವುದಲ್ಲ, ಭೌತವಿಜ್ಞಾನದ ಸಹಜ ಪರಿಣಾಮ.

866 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 34.6 ಸೆಂಟಿಮೀಟರ್. ಈ ತರಂಗವನ್ನು ನೀರು ಹೀರಿಕೊಳ್ಳುತ್ತದೆ, ಲೋಹ ಪ್ರತಿಫಲಿಸುತ್ತದೆ. ನಮ್ಮ ದೇಹದಲ್ಲಿ ಬಹುಪಾಲು ನೀರೇ. ಟ್ಯಾಗ್ ಇರುವ ಚೀಟಿ ಮೈಗೆ ಒತ್ತಿಕೊಂಡರೆ, ಉಕ್ಕಿನ ಊಟದ ಡಬ್ಬಿಗೆ ತಾಗಿಕೊಂಡರೆ, ಪಕ್ಕದವರ ಭುಜ ಅಡ್ಡ ಬಂದರೆ ಓದು ತಪ್ಪಬಹುದು. ಒಣಗಿದ ಭತ್ತದ ಚೀಲದ ಮೇಲಿನ ಟ್ಯಾಗ್ ಚೆನ್ನಾಗಿ ಓದಿಸಿಕೊಳ್ಳುತ್ತದೆ. ಅದೇ ಚೀಲ ಮಳೆಯಲ್ಲಿ ನೆನೆದರೆ ಮೌನವಾಗಬಹುದು. ಟ್ಯಾಗ್ ಒಂದು ಕೋನದಲ್ಲಿ ಓದಿ ಇನ್ನೊಂದು ಕೋನದಲ್ಲಿ ಓದದೆಯೂ ಇರಬಹುದು. ಕೆಲವು ಕಾರುಗಳ ಗಾಜಿನಲ್ಲಿ ಬಿಸಿಲು ತಡೆಯಲು ಲೋಹದ ತೆಳು ಲೇಪನವಿರುತ್ತದೆ. ಅಲ್ಲಿ ಕಂಪನಿ ಬಿಟ್ಟಿರುವ ಜಾಗದಲ್ಲೇ ಫಾಸ್ಟ್ಯಾಗ್ ಅಂಟಿಸಬೇಕು.

ಹಲವು ಟ್ಯಾಗ್‌ಗಳು ಒಟ್ಟಿಗೆ ಬಂದಾಗ ಇನ್ನೊಂದು ತೊಡಕು. ಮೇಷ್ಟ್ರು ‘ಯಾರ್ಯಾರು ಬಂದಿದ್ದೀರಿ?’ ಎಂದರೆ ಅರುವತ್ತು ಜನ ಒಟ್ಟಿಗೆ ‘ಸಾರ್’ ಎಂದು ಕೂಗಿದ ಹಾಗೆ. ಅದಕ್ಕೆ ರೀಡರ್ ಪ್ರತಿ ಟ್ಯಾಗ್‌ಗೂ ಮನಸ್ಸಿಗೆ ಬಂದ ಒಂದು ಸಂಖ್ಯೆ ಹಿಡಿದುಕೊಳ್ಳಲು ಹೇಳಿ, ಸರದಿಯಂತೆ ಕರೆಯುತ್ತದೆ. ಇಬ್ಬರು ಒಂದೇ ಸಂಖ್ಯೆ ಹಿಡಿದರೆ ಮತ್ತೊಂದು ಸುತ್ತು. ಗೇಟಿನಲ್ಲಿ ನೂಕುನುಗ್ಗಲಿದ್ದರೆ ಸುತ್ತು ಮುಗಿಯುವ ಮೊದಲೇ ಕೆಲವರು ದಾಟಿಹೋಗಿರುತ್ತಾರೆ.

ಈಗ ಒಂದು ಸಣ್ಣ ಲೆಕ್ಕ. ತರಗತಿಯ ಬಾಗಿಲಿನ ರೀಡರ್ ನೂರಕ್ಕೆ 99 ಸಲ ಸರಿಯಾಗಿ ಓದುತ್ತದೆ ಎಂದಿಟ್ಟುಕೊಳ್ಳೋಣ. ಕೇಳಲು ಉತ್ತಮ ಫಲಿತಾಂಶ. ಆದರೆ 60 ವಿದ್ಯಾರ್ಥಿಗಳು ದಿನಕ್ಕೆ 6 ತರಗತಿಗಳಿಗೆ ಬಂದರೆ ಒಟ್ಟು 360 ಓದು. ಅದರಲ್ಲಿ ಸರಾಸರಿ ಮೂರು, ನಾಲ್ಕು ಪ್ರತಿದಿನವೂ ತಪ್ಪುತ್ತವೆ. ವಿಟಿಯುನಲ್ಲಿ ಪ್ರತಿ ವಿಷಯಕ್ಕೆ ಶೇ 85 ಹಾಜರಾತಿ ಬೇಕು. 50 ತರಗತಿಗಳಿದ್ದರೆ 43ಕ್ಕೆ ಹಾಜರಿರಬೇಕು. ಸರಿಯಾಗಿ 43ಕ್ಕೆ ಬಂದವಳ ಒಂದು ಓದು ತಪ್ಪಿದರೂ ದಾಖಲೆಯಲ್ಲಿ ಅವಳು ಶೇ 84. ತಾನು ಬಂದಿದ್ದೆ ಎಂದು ಸಾಬೀತು ಮಾಡುವ ಹೊರೆ ಈಗ ಅವಳ ಮೇಲೆ. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ಎದುರಿಗಿರುವವರು ನಂಬಿದ್ದರೆ ಅವಳ ಮಾತಿಗೆ ಬೆಲೆಯಿಲ್ಲ.

ರಾಸುಗಳ ವಿಮೆಯಲ್ಲಿ ಇದಕ್ಕಿಂತ ಕಟುವಾದ ನಿಯಮವೊಂದಿದೆ: ಕಿವಿಯಲ್ಲಿ ಬಿಲ್ಲೆ ಇಲ್ಲದಿದ್ದರೆ ಪರಿಹಾರವಿಲ್ಲ. ಮೋಸ ತಡೆಯಲು ಹಾಗೆ ಮಾಡಿದ್ದು ಅರ್ಥವಾಗುವಂಥದ್ದೇ. ಒಂದು ಸತ್ತ ಹಸುವಿನ ಹೆಸರಿನಲ್ಲಿ ಇನ್ನೊಂದರ ಹಣ ಪಡೆಯಬಾರದಲ್ಲ. ಆದರೆ ಬಿಲ್ಲೆ ಬೇಲಿಗೆ ಸಿಕ್ಕಿ ಹರಿದುಬೀಳಬಹುದು. ಬಿಲ್ಲೆ ಬಿದ್ದುಹೋದದ್ದು ಗಮನಕ್ಕೆ ಬಂದ ಕೂಡಲೇ ಪಶು ಆಸ್ಪತ್ರೆಗೂ ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ, ಹೊಸ ಬಿಲ್ಲೆ ಹಾಕಿಸಿ, ಹೊಸ ಸಂಖ್ಯೆಯನ್ನು ಪಾಲಿಸಿಯಲ್ಲಿ ಸೇರಿಸಿಕೊಳ್ಳುವುದು ರೈತರು ಮರೆಯಬಾರದ ಕೆಲಸ. ಹಸು ಸತ್ತ ಮೇಲೆ ಬಿಲ್ಲೆಯ ಕಥೆ ಹೇಳಿದರೆ ಕೇಳುವವರಿರುವುದಿಲ್ಲ.

ಫಾಸ್ಟ್ಯಾಗ್ ವಿಷಯದಲ್ಲಿ ನಿಯಮ ಸ್ವಲ್ಪ ನ್ಯಾಯವಾಗಿದೆ, ಆದರೆ ಬಹಳ ಜನರಿಗೆ ಗೊತ್ತಿಲ್ಲ. ಟ್ಯಾಗ್ ಸರಿಯಿದ್ದು, ಖಾತೆಯಲ್ಲಿ ಸಾಕಷ್ಟು ಹಣವಿದ್ದು, ಟೋಲ್‌ನ ಯಂತ್ರದ ದೋಷದಿಂದ ಓದಲಾಗದಿದ್ದರೆ ವಾಹನವನ್ನು ಶುಲ್ಕವಿಲ್ಲದೆ ಬಿಡಬೇಕು, ಶೂನ್ಯ ಮೊತ್ತದ ರಸೀದಿ ಕೊಡಬೇಕು ಎಂದು 2018ರ ಮೇ ತಿಂಗಳ ಅಧಿಸೂಚನೆ ಹೇಳುತ್ತದೆ. ದೋಷ ನಮ್ಮ ಟ್ಯಾಗ್‌ನದ್ದಾದರೆ ಮಾತು ಬೇರೆ. ಅಂಥವರು ನಗದು ಕೊಟ್ಟರೆ ಎರಡು ಪಟ್ಟು, ಯುಪಿಐ ಮೂಲಕ ಕೊಟ್ಟರೆ ಒಂದೂಕಾಲು ಪಟ್ಟು ತೆರಬೇಕೆಂಬ ನಿಯಮ 2025ರ ನವೆಂಬರ್ 15ರಂದು ಜಾರಿಗೆ ಬಂತು. ಹಾಗಾಗಿ ಓದದಿದ್ದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ: ತಪ್ಪು ಟ್ಯಾಗ್‌ನದೋ, ರೀಡರ್‌ನದೋ?

ಮೂರು ಉದಾಹರಣೆಗಳನ್ನು ಪಕ್ಕದಲ್ಲಿಟ್ಟು ನೋಡಿ. ಟೋಲ್‌ನಲ್ಲಿ ‘ಓದಲಿಲ್ಲ’ ಎಂಬುದಕ್ಕೆ ಪ್ರತ್ಯೇಕ ನಿಯಮವಿದೆ. ಹಾಜರಾತಿಯ ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ ‘ಓದಲಿಲ್ಲ’ ಎಂಬುದು ಸದ್ದಿಲ್ಲದೆ ‘ಬರಲಿಲ್ಲ’ ಎಂದಾಗುತ್ತದೆ. ವಿಮೆಯಲ್ಲಿ ‘ಬಿಲ್ಲೆ ಇಲ್ಲ’ ಎಂಬುದು ‘ಹಸುವೇ ನಿಮ್ಮದಲ್ಲ’ ಎಂದಾಗುತ್ತದೆ. ತಂತ್ರಜ್ಞಾನ ಯಾವುದೇ ಇರಲಿ, ಈ ಒಂದು ಸಾಲಿನ ನಿರ್ಧಾರವನ್ನು ಮಾಡುವುದು ಮನುಷ್ಯರೇ.

ಒಳ್ಳೆಯ ಇಂಟರ್ನ್‌ಶಿಪ್ ಹೇಗಿರುತ್ತದೆ?

ಆ ನಿರ್ಧಾರವನ್ನು ನಾಳೆ ಪ್ರೋಗ್ರಾಂ ಆಗಿ ಬರೆಯುವವರು ಇಂದು ಇಂಟರ್ನ್‌ಶಿಪ್ ಹುಡುಕುತ್ತಿರುವ ವಿದ್ಯಾರ್ಥಿಗಳು. ಹಾಗಾಗಿ ಅವರು ಏನು ಕಲಿಯುತ್ತಾರೆ ಎಂಬುದು ಅಂಕಪಟ್ಟಿಯ ವಿಷಯ ಮಾತ್ರವಲ್ಲ.

ಹಣ ಕಟ್ಟಿಸಿಕೊಂಡು, ಕೆಲವು ವಿಡಿಯೋ ತೋರಿಸಿ, ಪ್ರಮಾಣಪತ್ರ ಕೊಡುವ ‘ಇಂಟರ್ನ್‌ಶಿಪ್’ಗಳು ಎಲ್ಲ ಊರಿನಲ್ಲೂ ಇವೆ. ಅವುಗಳಿಗೆ ಸೇರುವ ಮೊದಲು ಎಐಸಿಟಿಇಯ ಇಂಟರ್ನ್‌ಶಿಪ್ ಪೋರ್ಟಲ್‌ನಲ್ಲಿ ಹುಡುಕುವುದು, ಕಾಲೇಜಿನ ತರಬೇತಿ ವಿಭಾಗದಲ್ಲಿ ವಿಚಾರಿಸುವುದು ಒಳಿತು. ಸೇರುವ ಜಾಗದಲ್ಲಿ ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬಹುದು:

• ನಿಜವಾದ ರೀಡರ್ ಮತ್ತು ಟ್ಯಾಗ್‌ಗಳನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಲು ಸಿಗುತ್ತದೆಯೇ?
• ಯಾವ ಆವರ್ತನದ ಉಪಕರಣ? ಅದನ್ನೇ ಆರಿಸಿದ್ದು ಏಕೆ?
• ಅದು ಈಗ ಯಾರ ಬಳಿ, ಯಾವ ಕೆಲಸಕ್ಕೆ ಬಳಕೆಯಲ್ಲಿದೆ?
• ನಮ್ಮ ಕೆಲಸವನ್ನು ಯಾರು ನೋಡಿ ತಿದ್ದುತ್ತಾರೆ?
• ಸಂಗ್ರಹಿಸಿದ ಮಾಹಿತಿ ಎಲ್ಲಿ, ಎಷ್ಟು ದಿನ ಇರುತ್ತದೆ?

ಉತ್ತರ ತೃಪ್ತಿಕರವಾಗಿದ್ದರೆ ಮುಂದಿನ ಕೆಲಸ ವಿದ್ಯಾರ್ಥಿಯದು. ದುಬಾರಿ ಉಪಕರಣವಿಲ್ಲದೆಯೂ ಮಾಡಬಹುದಾದ ಪರೀಕ್ಷೆಗಳಿವೆ. ಒಂದೇ ಟ್ಯಾಗನ್ನು ನೀರಿನ ಬಾಟಲಿಯ ಮೇಲೆ, ಉಕ್ಕಿನ ಡಬ್ಬಿಯ ಮೇಲೆ, ರಟ್ಟಿನ ಪೆಟ್ಟಿಗೆಯ ಮೇಲೆ, ಅಂಗೈಯಲ್ಲಿ ಇಟ್ಟು ಎಷ್ಟು ದೂರದವರೆಗೆ ಓದುತ್ತದೆ ಎಂದು ಅಳೆದು ಬರೆಯಬೇಕು. ಒಂದೇ ಗೇಟಿನಲ್ಲಿ ನೂರು ಸಲ ಹಾಯ್ದು ಎಷ್ಟು ಸಲ ಓದಿತು ಎಂದು ಎಣಿಸಬೇಕು. ಪಕ್ಕದ ದಾರಿಯ ಟ್ಯಾಗನ್ನು ತಪ್ಪಾಗಿ ಓದುತ್ತಿದೆಯೇ ನೋಡಬೇಕು. ಒಂದೇ ಟ್ಯಾಗ್ ಒಂದು ಸೆಕೆಂಡಿನಲ್ಲಿ ಇಪ್ಪತ್ತು ಸಲ ಓದಿಸಿಕೊಂಡರೆ ಪ್ರೋಗ್ರಾಂ ಅದನ್ನು ಇಪ್ಪತ್ತು ಜನ ಎಂದು ಎಣಿಸುತ್ತಿದೆಯೇ ಪರೀಕ್ಷಿಸಬೇಕು. ಕರೆಂಟು ಹೋದಾಗ, ನೆಟ್‌ವರ್ಕ್ ಇಲ್ಲದಾಗ ಆ ಹೊತ್ತಿನ ಓದುಗಳು ಏನಾದವು ಎಂದು ಹುಡುಕಬೇಕು.

ಕೊನೆಗೆ, ದಾಖಲೆಯಲ್ಲಿ ‘ಹಾಜರು’, ‘ಗೈರು’ ಎಂಬ ಎರಡು ಕಾಲಂಗಳ ಜೊತೆಗೆ ಮೂರನೆಯದೊಂದು ಇರಬೇಕು: ‘ತಿಳಿದಿಲ್ಲ’. ರೀಡರ್ ಕೆಟ್ಟಿದ್ದ ಹೊತ್ತಿನಲ್ಲಿ, ಓದು ಅನುಮಾನಾಸ್ಪದವಾಗಿದ್ದಾಗ ದಾಖಲೆ ಆ ಕಾಲಂಗೆ ಹೋಗಬೇಕು. ಅದನ್ನು ಒಬ್ಬ ಮನುಷ್ಯ ನೋಡಬೇಕು. ಬಾಧಿತರಿಗೆ ಅದನ್ನು ಪ್ರಶ್ನಿಸಿ ತಿದ್ದಿಸಿಕೊಳ್ಳುವ ದಾರಿ ಇರಬೇಕು. ಪ್ರೋಗ್ರಾಂನಲ್ಲಿ ಇದಕ್ಕೆ ಬೇಕಾಗುವುದು ಕೆಲವೇ ಸಾಲುಗಳು.

ಒಟ್ಟಿನಲ್ಲಿ

ಆರ್‌ಎಫ್‌ಐಡಿ ಜಾದೂ ಅಲ್ಲ, ಗೂಢಚಾರನೂ ಅಲ್ಲ. ಹತ್ತಿರ ಬಂದು ಕೇಳಿದವರಿಗೆ ತನ್ನ ಸಂಖ್ಯೆ ಹೇಳುವ ಚಿಕ್ಕ ಚಿಪ್. ಅದಕ್ಕೆ ಜಿಪಿಎಸ್ ಇಲ್ಲ, ಫಾಸ್ಟ್ಯಾಗ್‌ನಲ್ಲಿ ಹಣ ಇಲ್ಲ, ಹಳದಿ ಬಿಲ್ಲೆಯಲ್ಲಿ ರೇಡಿಯೋ ಇಲ್ಲ. ಹಾಗೆಂದು ಅದರ ಬಗ್ಗೆ ಪ್ರಶ್ನೆಗಳೇ ಬೇಡ ಎಂದಲ್ಲ. ಪ್ರತಿ ಓದಿನ ಜಾಗ ಮತ್ತು ಸಮಯ ಎಲ್ಲೋ ಒಂದು ಕಡೆ ದಾಖಲಾಗುತ್ತದೆ. ಗೇಟುಗಳು ಹೆಚ್ಚಾದಂತೆ ಆ ದಾಖಲೆಗಳನ್ನು ಕೂಡಿಸಿದರೆ ಒಬ್ಬರ ಓಡಾಟದ ಚಿತ್ರ ಸಿಗಬಹುದು. ಅಂಜಬೇಕಾದದ್ದಿದ್ದರೆ ಚಿಪ್‌ಗಲ್ಲ, ಆ ದಾಖಲೆ ಯಾರ ಕೈಯಲ್ಲಿದೆ ಎಂಬುದು ನಮಗೆ ತಿಳಿಯದೆ ಇರುವುದಕ್ಕೆ.

ಮುಂದಿನ ಸಲ ಯಾರಾದರೂ ‘ಸಿಸ್ಟಂನಲ್ಲಿ ಇಲ್ಲ, ಹಾಗಾಗಿ ನೀವು ಬಂದಿಲ್ಲ’ ಎಂದರೆ, ‘ಓದಲಿಲ್ಲವೋ, ಬರಲಿಲ್ಲವೋ?’ ಎಂದು ಕೇಳಿ. ಉತ್ತರಿಸಲು ಬಾರದ ವ್ಯವಸ್ಥೆ ಇನ್ನೂ ಪೂರ್ಣವಾಗಿಲ್ಲ ಎಂದೇ ಅರ್ಥ.